ವರ್ಣತಂತುವಿನ ತುದಿಯ ನಾಲ್ಕೆಳೆ: ಕಾವಲೋ, ತೊಡಕೋ?

ಮಡಿಕೇರಿ, ಗೋಣಿಕೊಪ್ಪಗಳ ಕಾಲೇಜುಗಳಲ್ಲಿ ಯೀಸ್ಟ್ ಕುರಿತು ಮಾತನಾಡಿದಾಗಲೆಲ್ಲ ವಿದ್ಯಾರ್ಥಿಗಳು ಕೇಳುವುದುಂಟು: "ಸರ್, ಡಿಎನ್‌ಎ ಎರಡೆಳೆಯ ಸುರುಳಿ ಎಂದು ಓದಿದ್ದೇವೆ. ತುದಿಯಲ್ಲಿ ಅದು ನಾಲ್ಕೆಳೆಯಾಗಿ ಮಡಚಿಕೊಂಡರೆ ಕೋಶಕ್ಕೆ ಒಳ್ಳೆಯದೋ, ಕೆಟ್ಟದ್ದೋ?" ಯಾವ ಹೊತ್ತಿನಲ್ಲಿ ಮಡಚಿಕೊಂಡಿದೆ ಎಂಬುದನ್ನು ನೋಡಿಯೇ ಹೇಳಬೇಕು ಎನ್ನುವುದು ನನ್ನ ಉತ್ತರ.

ನಮ್ಮಲ್ಲಿ ಮನೆ ವೈನ್ ಮಾಡುವವರಿಗೆ ಪರಿಚಿತವಾದ ಬೇಕರಿ ಯೀಸ್ಟಿನಲ್ಲಿ 16 ಬಗೆಯ ವರ್ಣತಂತುಗಳು, ಅಂದರೆ ಡಿಎನ್‌ಎ ಹೊತ್ತ ಕ್ರೋಮೋಸೋಮುಗಳು, ಇವೆ. ಪ್ರತಿಯೊಂದರ ಎರಡೂ ತುದಿಗಳಲ್ಲಿ ಡಿಎನ್‌ಎಯ ಸುಮಾರು 300 ಅಕ್ಷರಜೋಡಿಗಳ (ಅಕ್ಷರವೆಂದರೆ ಎಳೆಯಲ್ಲಿ ಸಾಲಾಗಿರುವ ರಾಸಾಯನಿಕ ಘಟಕ) ಟೆಲೊಮಿಯರ್ ಎಂಬ ಭಾಗ ಇರುತ್ತದೆ; ಅದರ ಒಂದು ಎಳೆಯಲ್ಲಿ ಟಿ ಮತ್ತು ಜಿ ಅಕ್ಷರಗಳೇ ತುಂಬಿದ್ದು, ಆ ಎಳೆ ತನ್ನ ಜೊತೆಯ ಎಳೆಗಿಂತ ಸಾಮಾನ್ಯವಾಗಿ 12ರಿಂದ 14 ಅಕ್ಷರಗಳಷ್ಟು, ಪ್ರತಿಕೃತಿಯ (ಡಿಎನ್‌ಎ ನಕಲಾಗುವ ಕ್ರಿಯೆಯ) ಕೊನೆಯ ಹಂತದಲ್ಲಿ ಇನ್ನೂ ಹೆಚ್ಚು, ಹೊರಚಾಚಿರುತ್ತದೆ. ನಾಲ್ಕು ಜಿಗಳು, ಅಂದರೆ ಗ್ವಾನಿನ್‌ಗಳು, ಒಂದೇ ಸಮತಲದಲ್ಲಿ ಚೌಕಟ್ಟಿನಂತೆ ಕೂಡಿಕೊಳ್ಳಬಲ್ಲವೆಂದು 1962ರಲ್ಲೇ ತಿಳಿದಿತ್ತು. ಇಂಥ ಚೌಕಗಳು ಪೊಟ್ಯಾಸಿಯಂ ಅಯಾನುಗಳ ಆಸರೆಯಲ್ಲಿ ಒಂದರ ಮೇಲೊಂದು ಕುಳಿತರೆ ಅದೇ ಜಿ-ಕ್ವಾಡ್ರುಪ್ಲೆಕ್ಸ್, ಅಂದರೆ ಆ ನಾಲ್ಕೆಳೆಯ ಮಡಿಕೆ.

ತುದಿಯನ್ನು ಕಾಯುವ ಮುಖ್ಯ ಕೆಲಸ ಸಿಡಿಸಿ13 ಎಂಬ ಪ್ರೋಟೀನಿನದು. ಅದು ಕೆಟ್ಟಿರುವ ಒಂದು ತಳಿ 25 ಡಿಗ್ರಿಯಲ್ಲಿ ಬೆಳೆಯುತ್ತದೆ. 37 ಡಿಗ್ರಿಗೆ ಏರಿಸಿದರೆ ತುದಿಯ ಒಂದು ಎಳೆ ಸವೆಯತೊಡಗುತ್ತದೆ, ಕೋಶ ಅದನ್ನು ತುಂಡಾದ ಡಿಎನ್‌ಎ ಎಂದೇ ಎಣಿಸಿ ವಿಭಜನೆಯನ್ನು ತಡೆಹಿಡಿಯುತ್ತದೆ; ಸೂಕ್ಷ್ಮದರ್ಶಕದಲ್ಲಿ ತಾಯಿಕೋಶವೂ ಅಷ್ಟೇ ದೊಡ್ಡ ಮೊಗ್ಗೂ ಡಂಬೆಲ್ಲಿನಂತೆ ಅಂಟಿಕೊಂಡು ನಿಂತಿರುವುದು ಕಾಣುತ್ತದೆ. (ನಮ್ಮ ಮಳೆಗಾಲದಲ್ಲಿ 25 ಡಿಗ್ರಿಗೂ ಇನ್‌ಕ್ಯುಬೇಟರನ್ನೇ ನಂಬಬೇಕು.) ಈ ತಳಿಯಲ್ಲಿ ನಾಲ್ಕೆಳೆಯ ರಚನೆಯನ್ನು ಗಟ್ಟಿಗೊಳಿಸಿದರೆ, ಉದಾಹರಣೆಗೆ ಅದಕ್ಕೆ ಅಂಟುವ ಎಸ್‌ಟಿಎಂ1 ಪ್ರೋಟೀನನ್ನು ಹೆಚ್ಚಿಸಿದರೆ, ಕೋಶಗಳು ಸ್ವಲ್ಪ ಮಟ್ಟಿಗೆ ಚೇತರಿಸಿಕೊಳ್ಳುತ್ತವೆಂದು 2011ರ ಪ್ರಯೋಗಗಳು ತೋರಿಸಿದವು. ಇದರಿಂದ ಆ ರಚನೆಯೇ ತುದಿಯ ಸಹಜ ಮುಚ್ಚಳವೆಂದು ಸಾರುವುದು ಅತಿಯಾಯಿತು. ಮುಖ್ಯ ಕಾವಲು ಸೋತಾಗ ಅದು ಕೈಹಿಡಿಯಬಲ್ಲದು ಎಂಬಷ್ಟನ್ನು ಮಾತ್ರ ನಾನು ಒಪ್ಪುತ್ತೇನೆ.

ಪ್ರತಿಕೃತಿಯ ವೇಳೆಯಲ್ಲಿ ಮಾತ್ರ ಇದೇ ಮಡಿಕೆ ದಾರಿಗೆ ಅಡ್ಡ. ಅದನ್ನು ಬಿಡಿಸಲು ಕೋಶ ಪಿಐಎಫ್1 ಎಂಬ ಹೆಲಿಕೇಸನ್ನು, ಅಂದರೆ ಡಿಎನ್‌ಎ ಎಳೆಗಳನ್ನು ಬಿಡಿಸುವ ಕಿಣ್ವವನ್ನು, ಇಟ್ಟುಕೊಂಡಿದೆ. ಅದಿಲ್ಲದಿದ್ದರೆ ವರ್ಣತಂತುವಿನ ಒಳಭಾಗದಲ್ಲಿಯೂ ಇಂಥ ತಾಣಗಳ ಬಳಿ ಪ್ರತಿಕೃತಿ ನಿಧಾನವಾಗಿ, ಡಿಎನ್‌ಎ ತುಂಡಾಗುತ್ತದೆ. ಟೆಲೊಮಿಯರನ್ನು ಉದ್ದಗೊಳಿಸುವ ಟೆಲೊಮರೇಸ್ ಕಿಣ್ವವನ್ನು ತುದಿಯಿಂದ ಕಿತ್ತುಹಾಕುವುದೂ ಇದೇ ಪಿಐಎಫ್1.