ನಂಬಿದವರಿಗೇ ಎಂತಕ್ಕೆ ಇಷ್ಟು ಕಷ್ಟ?

ಕಾರವಾರದ ಕಡೆ ಕ್ರೈಸ್ತರ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಮೀನಿಗೆ ಹೋದ ಹುಡುಗ ವಾಪಸ್ ಬಾರದಿದ್ದರೆ, ವಾರದೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. ಪಕ್ಕದ ಮನೆಯವರು ಕೇಳುವ ರೀತಿ ಹೀಗೆ: “ನಿಮ್ಮ ಯೇಸು ಕುರುಡರಿಗೆ ಕಣ್ಣು ಕೊಟ್ಟವರಲ್ವಾ, ಮತ್ತೆ ನಿಮ್ಮವರಿಗೇ ಎಂತಕ್ಕೆ ಹೀಗೆ?” ಮನೆಯವರೇ ಕೇಳುವಾಗ ದನಿ ಬೇರೆ: “ದಿನಾ ಸಂಜೆ ತೇರ್ಸ್ (ಜಪಮಾಲೆ) ತಪ್ಪಿಸಿದ್ದಿಲ್ಲ, ಭಾನುವಾರ ಪೂಜೆ ಬಿಟ್ಟಿದ್ದಿಲ್ಲ. ಎಲ್ಲಿ ತಪ್ಪಾಯ್ತು?”

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಈ ‘ಎಂತಕ್ಕೆ’ಗೆ ಕ್ರೈಸ್ತ ವಿಶ್ವಾಸದಲ್ಲಿ ಸಿದ್ಧ ಉತ್ತರ ಇಲ್ಲ. ಇದೆ ಅನ್ನುವವರಿಂದ ಸ್ವಲ್ಪ ದೂರ ಇರಿ. ನೋವು ಬಂದಾಗ ಏನು ಮಾಡಬೇಕು, ಯಾರ ಜೊತೆ ಮಾಡಬೇಕು ಎಂಬ ಬಹಳ ಹಳೆಯ ರೂಢಿ ಮಾತ್ರ ಇದೆ. ಅರ್ಥ ಸಿಕ್ಕರೆ ಆ ದಾರಿಯಲ್ಲೇ ಸಿಗಬೇಕು, ಅದೂ ನೋವುಂಡವರ ಬಾಯಿಂದಲೇ ಬರಬೇಕು. ನೋಡಲು ಬಂದವರು ಅದನ್ನು ಹೇಳಿಕೊಡುವಂತಿಲ್ಲ.

ಕಾರಣ ಹುಡುಕುವ ಚಟ ಹೊಸದಲ್ಲ. ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬ ಎದುರಾಗುತ್ತಾನೆ. ಶಿಷ್ಯರು ಮೊದಲು ಕೇಳಿದ್ದೇ, ಪಾಪ ಮಾಡಿದ್ದು ಇವನೋ ಇವನ ಹೆತ್ತವರೋ ಎಂದು. ನಮ್ಮಲ್ಲಿ ‘ಯಾವ ಜನ್ಮದ್ದೋ’ ಅನ್ನುವುದಕ್ಕೂ ಇದಕ್ಕೂ ಹೆಚ್ಚು ದೂರ ಇಲ್ಲ. ಯೇಸುಸ್ವಾಮಿ ಇಬ್ಬರದ್ದೂ ಅಲ್ಲ ಎಂದರು, ಕೆಸರು ಕಲಸಿ ಅವನ ಕಣ್ಣಿಗೆ ಹಚ್ಚಿ ಸಿಲೋವದ ಕೊಳಕ್ಕೆ ಕಳಿಸಿದರು. ಅದೇ ಸಿಲೋವದಲ್ಲಿ ಬುರುಜು ಬಿದ್ದು ಸತ್ತ 18 ಮಂದಿಯ ಮಾತು ಲೂಕನ 13ನೇ ಅಧ್ಯಾಯದಲ್ಲಿದೆ. ಜೆರುಸಲೇಮಿನ ಉಳಿದವರಿಗಿಂತ ಆ 18 ಮಂದಿ ದೊಡ್ಡ ಪಾಪಿಗಳೇ ಎಂದು ಯೇಸುಸ್ವಾಮಿಯೇ ಕೇಳಿ, ಅಲ್ಲ ಎಂದು ತಾವೇ ಹೇಳುತ್ತಾರೆ. ಆಮೇಲೆ ಮಾತನ್ನು ಕೇಳುಗರ ಕಡೆಗೇ ತಿರುಗಿಸುತ್ತಾರೆ: ಬದಲಾಗಬೇಕಾದವರು ನೀವು.

ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿ 66ರ ಮೇಲೆ ಗುಡ್ಡ ಜರಿಯಿತು. ರಸ್ತೆ ಬದಿಯ ಚಹಾ ಅಂಗಡಿಯವರು, ಲಾರಿ ನಿಲ್ಲಿಸಿಕೊಂಡಿದ್ದವರು ಮಣ್ಣು ಮತ್ತು ಗಂಗಾವಳಿಯ ಪಾಲಾದರು. ಚಹಾಕ್ಕೆಂದು ನಿಂತವರ ಪಾಪ ಹುಡುಕುವುದು ಕ್ರೈಸ್ತನ ಕೆಲಸವಲ್ಲ. ಗುಡ್ಡವನ್ನು ಹೇಗೆ ಕಡಿಯಲಾಗಿತ್ತು, ಮಳೆಗಾಲಕ್ಕೆ ಮೊದಲು ಯಾರು ಬಂದು ನೋಡಿದ್ದರು ಎಂದು ಕೇಳುವುದು ಶುಭಸಂದೇಶದ ಆ ಪುಟಕ್ಕೆ ಹೆಚ್ಚು ಹತ್ತಿರ.

ಇನ್ನು ಬೈಬಲಿನ ಹಳೆಯ ಒಡಂಬಡಿಕೆಯ ಯೋಬ. ಮಕ್ಕಳು, ದನಕರು, ಆರೋಗ್ಯ ಎಲ್ಲ ಕಳೆದುಕೊಂಡವನ ಹತ್ತಿರ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಎಲ್ಲ ಸರಿ ಇತ್ತು. 4ನೇ ಅಧ್ಯಾಯದಿಂದ ಬಾಯಿ ಬಿಟ್ಟರು, ನೀನು ಎಲ್ಲೋ ತಪ್ಪಿರಬೇಕು ಎಂದು ವಾದ ಹೂಡಿದರು. ಕೊನೆಗೆ 42ನೇ ಅಧ್ಯಾಯದಲ್ಲಿ ದೇವರ ಸಿಟ್ಟು ಯಾರ ಮೇಲೆ? ದೇವರ ಪರ ವಕಾಲತ್ತು ವಹಿಸಿದ ಈ ಮೂವರ ಮೇಲೆ. ದೇವರ ಜೊತೆ ಜಗಳಕ್ಕೇ ನಿಂತಿದ್ದ ಯೋಬ ಸರಿಯಾಗಿ ಮಾತಾಡಿದ ಅನ್ನಿಸಿಕೊಂಡ. ತನಗೆ ಹಾಗೇಕಾಯಿತು ಎಂಬುದು ಮಾತ್ರ ಕೊನೆಯವರೆಗೂ ಅವನಿಗೆ ಗೊತ್ತಾಗುವುದಿಲ್ಲ. ಓದುವ ನಮಗೆ ಗೊತ್ತು, ಅವನಿಗಿಲ್ಲ.

ಆ ಗೆಳೆಯರ ಮಾತು ಇವತ್ತಿಗೂ ರೋಗಿಯ ಕೋಣೆಯಲ್ಲಿ ಕೇಳಿಬರುತ್ತದೆ. ‘ದೇವರ ಚಿತ್ತ’ ಅನ್ನುವುದು ಒಂದು. ರೋಗಿ ತಾನಾಗಿ ಹೇಳಿದರೆ ಅದು ಪ್ರಾರ್ಥನೆ, ಬಂದವರು ಹೇಳಿದರೆ ತೀರ್ಪು. ‘ತಾಳಲಾರದಷ್ಟನ್ನು ದೇವರು ಯಾರಿಗೂ ಕೊಡುವುದಿಲ್ಲ’ ಅನ್ನುವುದು ಇನ್ನೊಂದು. ಕೊರಿಂಥಿಯರಿಗೆ ಬರೆದ ಮೊದಲನೇ ಪತ್ರದ 10ನೇ ಅಧ್ಯಾಯದಲ್ಲಿದೆ ಎಂದು ಆಧಾರವನ್ನೂ ಕೊಡುತ್ತಾರೆ. ಅಲ್ಲಿ ಪ್ರೇಷಿತ ಪೌಲ ಬರೆದದ್ದು ಪಾಪದ ಕಡೆ ಎಳೆಯುವ ಶೋಧನೆಯ ಬಗ್ಗೆ. ಕ್ಯಾನ್ಸರಿನ ಬಗ್ಗೆ, ಸಾಲದ ಬಗ್ಗೆ ಅಲ್ಲ. ಎರಡನೇ ಪತ್ರದ ಮೊದಲನೇ ಅಧ್ಯಾಯಕ್ಕೆ ಬಂದರೆ ಅದೇ ಪೌಲ, ನಮ್ಮ ಶಕ್ತಿಗೆ ಮೀರಿದ ಭಾರ ಬಿತ್ತು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು ಬರೆಯುತ್ತಾನೆ.

ರೋಗಿಯನ್ನು ನೋಡಲು ಹೋಗುವವರಿಗೆ ಒಂದಿಷ್ಟು ಕೆಲಸದ ಮಾತು. ಮೊದಲೇ ಫೋನ್ ಮಾಡಿ. ಗಾಯಕ್ಕೆ ಪಟ್ಟಿ ಕಟ್ಟುವ ಹೊತ್ತಿಗೆ, ಊಟದ ಹೊತ್ತಿಗೆ ನುಗ್ಗಬೇಡಿ. ಹದಿನೈದು ನಿಮಿಷ ಸಾಕು. ಮಂಚದ ಮೇಲೆ ಕೂರಬೇಡಿ, ಅಲುಗಿದರೆ ನೋಯುತ್ತದೆ; ಕುರ್ಚಿ ಎಳೆದು ಅವರ ಕಣ್ಣಿನ ಮಟ್ಟಕ್ಕೆ ಕೂರಿ. ‘ಹೇಗಿದ್ದೀರಿ’ ಅಂದರೆ ‘ಆರಾಮ್’ ಅನ್ನದೆ ಅವರಿಗೆ ದಾರಿಯಿಲ್ಲ, ಅದರ ಬದಲು ‘ರಾತ್ರಿ ನಿದ್ದೆ ಬಂತಾ’ ಎಂದು ಕೇಳಿ. ಇದೇ ರೋಗ ಬಂದು ತೀರಿಹೋದ ನಿಮ್ಮ ಮಾವನ ಕತೆ ಅಲ್ಲಿ ಬೇಡ. ಎಲ್ಲರೂ ಎಳನೀರು ಒಯ್ಯುತ್ತಾರೆ, ಆದರೆ ಕಿಡ್ನಿ ರೋಗಿಗೆ ಅದರ ಪೊಟ್ಯಾಸಿಯಂ ಹೃದಯಕ್ಕೇ ಅಪಾಯ ತರಬಹುದು. ಮನೆಯವರನ್ನು ಕೇಳದೆ ಏನೂ ಕುಡಿಸಬೇಡಿ. ಎಲ್ಲಕ್ಕಿಂತ ದೊಡ್ಡ ಉಪಕಾರ ರೋಗಿಯ ಜೊತೆ ಇರುವವರಿಗೆ ಮಾಡುವಂಥದ್ದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ಎಷ್ಟೋ ವರ್ಷಗಳದ್ದು. ಹೆಚ್ಚು ಕಾಯಿಲೆಯಾದರೆ ಕರಾವಳಿಯವರು ಮಣಿಪಾಲಕ್ಕೋ ಮಂಗಳೂರಿಗೋ ಗೋವಾದ ಬಾಂಬೋಳಿಗೋ ಓಡಬೇಕು, ಶಿರಸಿಯವರು ಹುಬ್ಬಳ್ಳಿಗೆ. ಹೆಂಡತಿ ಗಂಡನ ಜೊತೆ ವಾರಗಟ್ಟಲೆ ಅಲ್ಲಿ ಕೂತರೆ ಮನೆಯಲ್ಲಿ ಮಕ್ಕಳಿಗೆ ಡಬ್ಬಿ ಕಟ್ಟುವವರು ಯಾರು? ‘ಏನಾದರೂ ಬೇಕಾದರೆ ಹೇಳಿ’ ಅನ್ನಬೇಡಿ, ಯಾರೂ ಹೇಳುವುದಿಲ್ಲ. ‘ಶುಕ್ರವಾರ ರಾತ್ರಿ ಆಸ್ಪತ್ರೆಯಲ್ಲಿ ನಾನು ಕೂರ್ತೇನೆ, ನೀವು ಮನೆಗೆ ಹೋಗಿ ಬನ್ನಿ’ ಅನ್ನಿ.

ನೋವುಂಡವರು ತಾವೇ ಏನು ಮಾಡಬಹುದು? ಮೊದಲು ದೂರುವುದನ್ನು ಕಲಿಯಬೇಕು. ನಮ್ಮ ಚರ್ಚುಗಳಲ್ಲಿ ಇದನ್ನು ಕಲಿಸುವುದು ಬಹಳ ಕಡಿಮೆ, ಸ್ತುತಿ ಮಾತ್ರ ಧಾರಾಳ. ಬೈಬಲಿನ 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಗೋಳು ತೋಡಿಕೊಳ್ಳುವಂಥವು. 13ನೆಯದರಿಂದ ಶುರು ಮಾಡಿ, ಆರೇ ಆರು ವಚನ. ಮೊದಲ ಎರಡು ವಚನಗಳಲ್ಲಿ ‘ಇನ್ನೆಷ್ಟು ಕಾಲ’ ಎಂಬ ಆಪಾದನೆ ನಾಲ್ಕು ಸಲ ಬರುತ್ತದೆ. 3 ಮತ್ತು 4ರಲ್ಲಿ ಬೇಡಿಕೆ. 5 ಮತ್ತು 6ರಲ್ಲಿ ಭರವಸೆ. ನಿದ್ದೆ ಹತ್ತದ ರಾತ್ರಿ ಇದನ್ನು ಬಾಯಿಬಿಟ್ಟು ಓದಬೇಕು, ಎರಡನೇ ವಚನ ಮುಗಿದದ್ದೇ ಪುಸ್ತಕ ಕೆಳಗಿಡಬೇಕು. ಆಮೇಲೆ ನಿಮ್ಮ ಸ್ವಂತ ‘ಇನ್ನೆಷ್ಟು ಕಾಲ’ ಹೇಳಿಕೊಳ್ಳಿ, ಕೊಂಕಣಿಯೋ ಕನ್ನಡವೋ, ಸಿಟ್ಟು ಬಂದಾಗ ಬರುವ ಮಾತಿನಲ್ಲೇ: ಬಯಾಪ್ಸಿ ರಿಪೋರ್ಟಿಗೆ ಇನ್ನೆಷ್ಟು ದಿನ, ಸೊಸೈಟಿ ಸಾಲದ ನೋಟಿಸು ಇನ್ನೆಷ್ಟು ಸಲ, ಮಗಳು ಫೋನ್ ಎತ್ತದೇ ಇರುವುದು ಇನ್ನೆಷ್ಟು ತಿಂಗಳು. ದೊಡ್ಡ ಮಾತು ಬೇಡ, ರಿಪೋರ್ಟಿನ ಹೆಸರು, ಸಾಲದ ಮೊತ್ತ, ಮಗಳ ಹೆಸರು ಹೇಳಿ. ಅದಾದ ಮೇಲೆ 3ನೇ ವಚನಕ್ಕೆ ಹೋಗಿ ಬೇಕಾದ್ದನ್ನು ನೇರವಾಗಿ ಕೇಳಿ.

ಕೆಡುವುದು ಇಲ್ಲೇ. ದೂರಿದ್ದಕ್ಕೆ ಹೆದರಿ ಅವಸರದಲ್ಲಿ 5ನೇ ವಚನಕ್ಕೆ ಹಾರುತ್ತಾರೆ. ಭರವಸೆಯ ಮಾತು ಬಾಯಲ್ಲೇ ಉಳಿಯುತ್ತದೆ, ಸಿಟ್ಟು ಹೊಟ್ಟೆಯಲ್ಲಿ. ಎರಡನೇ ವಚನದಲ್ಲೇ ವಾರಗಟ್ಟಲೆ ನಿಂತರೂ ತಪ್ಪಿಲ್ಲ. 88ನೇ ಕೀರ್ತನೆಯಲ್ಲಂತೂ ಆ ತಿರುವೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದನ್ನು ಪವಿತ್ರ ಗ್ರಂಥದಿಂದ ಯಾರೂ ತೆಗೆದುಹಾಕಿಲ್ಲ. ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು, ನನ್ನ ದೇವರೇ, ನನ್ನನ್ನು ಯಾಕೆ ಕೈಬಿಟ್ಟಿರಿ ಎಂದು. ಅವರೇ ‘ಯಾಕೆ’ ಎಂದು ಕೇಳಿದ ಮೇಲೆ ನಾವು ಕೇಳಿದರೆ ಅವಿಶ್ವಾಸ ಎನ್ನಲು ಯಾರಿಗೂ ಬಾಯಿಲ್ಲ.

‘ನಂಬಿಕೆ ಕಮ್ಮಿ ಇದ್ದದ್ದಕ್ಕೆ ಗುಣವಾಗಲಿಲ್ಲ’ ಎಂಬ ಮಾತಿಗೂ ಉತ್ತರ ಬೈಬಲಿನಲ್ಲೇ ಇದೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಪಿನಲ್ಲಿ ಯೇಸುಸ್ವಾಮಿ ಈ ನೋವಿನ ಪಾತ್ರೆ ದೂರವಾಗಲಿ ಎಂದು ಮೂರು ಸಲ ಕೇಳಿಕೊಂಡರೂ ಅದು ದೂರವಾಗಲಿಲ್ಲ. ಪೌಲನೂ ತನ್ನ ದೇಹದ ಮುಳ್ಳನ್ನು ತೆಗೆ ಎಂದು ಮೂರು ಸಲ ಬೇಡಿದ, ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂತು, ಮುಳ್ಳು ಉಳಿಯಿತು. ಇವರಿಬ್ಬರ ನಂಬಿಕೆ ಕಮ್ಮಿ ಎನ್ನುವ ಧೈರ್ಯ ಯಾರಿಗಿದೆಯೋ ನೋಡೋಣ. ಪ್ರಾರ್ಥನಾ ಕೂಟದಲ್ಲಿ ‘ಗುಣವಾಯಿತು’ ಎಂದು ಘೋಷಿಸಿದ ಮಾತ್ರಕ್ಕೆ ಇನ್ಸುಲಿನ್, ಫಿಟ್ಸ್ ಮಾತ್ರೆ, ಬಿಪಿ ಮಾತ್ರೆ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆ ಒಮ್ಮೆಲೇ ಬಿಟ್ಟರೆ ಮೊದಲಿಗಿಂತ ಜೋರಾಗಿ ಬರುವುದುಂಟು. ಗುಣವಾದದ್ದು ನಿಜವಾದರೆ ಮುಂದಿನ ತಪಾಸಣೆಯಲ್ಲಿ ವೈದ್ಯರಿಗೂ ಕಾಣುತ್ತದೆ, ಅವರೇ ಕಡಿಮೆ ಮಾಡುತ್ತಾರೆ.

ಕಥೋಲಿಕರಲ್ಲಿ ನೋವನ್ನು ‘ಒಪ್ಪಿಸುವ’ ರೂಢಿಯೊಂದಿದೆ. ತನ್ನ ನೋವನ್ನು ಕ್ರಿಸ್ತರ ನೋವಿನ ಜೊತೆ ಸೇರಿಸಿ ಇನ್ನೊಬ್ಬರಿಗಾಗಿ ಅರ್ಪಿಸುವುದು. ಗುಂಡೇಟು ತಿಂದು ಬದುಕಿ ಮೂರು ವರ್ಷವೂ ತುಂಬುವ ಮೊದಲು, 1984ರ ಫೆಬ್ರವರಿ 11ರಂದು, ಪೋಪ್ ಎರಡನೇ ಜಾನ್ ಪಾಲ್ ನೋವಿನ ಬಗ್ಗೆ ಬರೆದ ಪತ್ರದ ತಿರುಳು ಇದೇ. ಮಾಡುವ ಕ್ರಮ ಸರಳ: ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ, ಆ ದಿನದ ಒಂದು ನೋವು, ಒಬ್ಬ ವ್ಯಕ್ತಿ, ಇಷ್ಟನ್ನು ಹೆಸರಿಸಿ. ‘ಈ ಮಂಡಿನೋವು, ಕುವೈತಿನಲ್ಲಿ ಕೆಲಸ ಕಳಕೊಂಡ ತಮ್ಮನಿಗಾಗಿ.’ ಲೋಕಶಾಂತಿಗೆ ಎಂದರೆ ಮನಸ್ಸು ನಿಲ್ಲುವುದಿಲ್ಲ. ಮಾಡಲಾಗದ ದಿನ ಬಿಡಿ. ‘ಮಾತ್ರೆ ನುಂಗಿದ ಮೇಲೆ’ ಎಂದು ಬೇಕೆಂದೇ ಬರೆದಿದ್ದೇನೆ. ನೋವು ಹೆಚ್ಚಿದಷ್ಟು ಪುಣ್ಯ ಹೆಚ್ಚು ಎಂದುಕೊಂಡು ಮಾರ್ಫಿನ್ ಬೇಡ ಎನ್ನುವ ಹಿರಿಯರಿದ್ದಾರೆ. ನೋವು ನಿವಾರಕ ತೆಗೆದುಕೊಳ್ಳುವುದು ತಪ್ಪಲ್ಲ ಎಂದು ಪೋಪ್ ಹನ್ನೆರಡನೇ ಪಿಯುಸ್ 1957ರಲ್ಲೇ ವೈದ್ಯರಿಗೆ ಸ್ಪಷ್ಟಪಡಿಸಿದ್ದಾರೆ.

ಎರಡನೇ ಜಾನ್ ಪಾಲ್ ಅವರ ಆ ಪತ್ರವೂ ಕೊನೆಗೆ ಬಂದು ನಿಲ್ಲುವುದು ಯೇಸುಸ್ವಾಮಿ ಹೇಳಿದ ಕತೆಯಲ್ಲಿ ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರಿಯದವನ ಹತ್ತಿರ. ನಮ್ಮ ಕರಾವಳಿಗೆ ಹತ್ತಿರದ ಉದಾಹರಣೆ ಸಂತ ಜೋಸೆಫ್ ವಾಜ್. ಗೋವಾದ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿ, 1681ರಿಂದ ಮೂರು ವರ್ಷ ಕೆನರಾದಲ್ಲಿ ಓಡಾಡಿದವರು. ಆಮೇಲೆ ಲಂಕೆಗೆ ಹೋದರು. ಪೋರ್ಚುಗೀಸರ ಗೂಢಚಾರ ಎಂಬ ಸಂಶಯದ ಮೇಲೆ ಕ್ಯಾಂಡಿಯ ಅರಸ ಸೆರೆಯಲ್ಲಿಟ್ಟ. 1697ರಲ್ಲಿ ಅದೇ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ, ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದಾಗ ವಾಜ್ ಆ ರೋಗಿಗಳ ಶುಶ್ರೂಷೆಗೆ ನಿಂತರು.

ಹೊರಬೇಕಾದ ಶಿಲುಬೆ ಯಾವುದು, ಇಳಿಸಬೇಕಾದ ಭಾರ ಯಾವುದು ಎಂಬ ಗೆರೆ ಎಳೆಯದಿದ್ದರೆ ಮೇಲಿನದೆಲ್ಲ ಅಪಾಯ. ಕುಡಿದು ಹೊಡೆಯುವ ಗಂಡ ಶಿಲುಬೆಯಲ್ಲ. ‘ತಾಳ್ಕೊ ಬಾಯಿ, ಪ್ರಾರ್ಥನೆ ಮಾಡು’ ಎಂದು ಹೆಂಗಸನ್ನು ಅದೇ ಮನೆಗೆ ವಾಪಸ್ ಕಳಿಸುವುದು ದೇವರ ಹೆಸರಿನಲ್ಲಿ ಮಾಡುವ ಅನ್ಯಾಯ. ಯೇಸುಸ್ವಾಮಿ ತಮ್ಮ ಪ್ರಾಣವನ್ನು ತಾವೇ ಇಷ್ಟಪಟ್ಟು ಕೊಟ್ಟರು. ಅದಕ್ಕೆ ಮೊದಲು ಕಲ್ಲೆಸೆಯಲು ಬಂದವರಿಂದ ತಪ್ಪಿಸಿಕೊಂಡದ್ದೂ ಉಂಟು. ಅಂಥ ಮನೆಯಿಂದ ಮೊದಲು ಹೊರಗೆ ಬನ್ನಿ, ಮಹಿಳಾ ಸಹಾಯವಾಣಿ 181 ಅಥವಾ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ. ಬದುಕೇ ಬೇಡ ಅನ್ನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ಖಿನ್ನತೆಗೆ ಮಾತ್ರೆ ನುಂಗುವುದು ವಿಶ್ವಾಸದ ಸೋಲಲ್ಲ.

ಗುರುಗಳು ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಕಥೋಲಿಕರ ‘ರೋಗಿಗಳ ಅಭ್ಯಂಗ’ ಸಂಸ್ಕಾರದ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು. ಹಿಂದೆ ‘ಕಡೆಯ ಅಭ್ಯಂಗ’ ಎನ್ನುತ್ತಿದ್ದದ್ದರಿಂದ ಫಾದರ್ ಎಣ್ಣೆ ಹಿಡಿದು ಬಂದರೆ ಆಯಿತು ಕತೆ ಎಂದು ಹೆದರುತ್ತಾರೆ, ಐಸಿಯುವಿಗೆ ಹೋಗುವವರೆಗೆ ಕರೆಯುವುದಿಲ್ಲ. ಗಂಭೀರ ಕಾಯಿಲೆ ಎಂದು ಗೊತ್ತಾದಾಗ, ದೊಡ್ಡ ಆಪರೇಷನ್ನಿಗೆ ಮೊದಲು, ಮುಪ್ಪಿನಲ್ಲಿ ತೀರ ಬಲಗುಂದಿದಾಗ ತೆಗೆದುಕೊಳ್ಳಬಹುದು. ಕಾಯಿಲೆ ಮತ್ತೆ ಉಲ್ಬಣಿಸಿದರೆ ಮತ್ತೊಮ್ಮೆಯೂ ಆಗುತ್ತದೆ. ಮಾತಾಡುವಷ್ಟು ಎಚ್ಚರ ಇದ್ದಾಗಲೇ ಕರೆದರೆ ಪಾಪನಿವೇದನೆಯೂ ಸಾಧ್ಯ. ಉಸಿರು ನಿಂತ ಮೇಲೆ ಕೊಡುವುದಿಲ್ಲ, ಆಗ ಮಾಡುವುದು ಮೃತರಿಗಾಗಿ ಪ್ರಾರ್ಥನೆ. ಸಾಯುವವರ ಸಂಸ್ಕಾರ ನಿಜವಾಗಿ ಎಣ್ಣೆಯಲ್ಲ, ಕೊನೆಯ ಪರಮಪ್ರಸಾದ (ಪೂಜೆಯಲ್ಲಿ ಕ್ರಿಸ್ತರ ಶರೀರವೆಂದು ಕೊಡುವ ರೊಟ್ಟಿ). ಮನೆಯಲ್ಲಿ ಬೇಕಾದ್ದು ಇಷ್ಟೇ: ಬಿಳಿ ಬಟ್ಟೆ ಹಾಸಿದ ಸಣ್ಣ ಮೇಜು, ಶಿಲುಬೆ, ಎರಡು ಮೇಣದ ಬತ್ತಿ, ಒಂದು ಲೋಟ ನೀರು. ಆಕ್ಸಿಜನ್ ಹಾಕಿದ್ದರೆ ಬತ್ತಿ ಹಚ್ಚಲೇಬೇಡಿ. ಎಣ್ಣೆ ಗುರುಗಳೇ ತರುತ್ತಾರೆ, ತಲೆಯ ಮೇಲೆ ಕೈಯಿಟ್ಟು ಮೌನವಾಗಿ ಪ್ರಾರ್ಥಿಸಿ ಹಣೆಗೆ, ಎರಡೂ ಅಂಗೈಗೆ ಹಚ್ಚುತ್ತಾರೆ. ಕೈಗೆ ಡ್ರಿಪ್ ಇದ್ದರೆ, ನುಂಗಲು ಕಷ್ಟವಿದ್ದರೆ ಫೋನಿನಲ್ಲೇ ತಿಳಿಸಿ. ಪ್ರಸಾದದ ಚೂರನ್ನಷ್ಟೇ ಚಮಚ ನೀರಿನಲ್ಲಿ ಕೊಡುತ್ತಾರೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಇದು ಸಂಸ್ಕಾರವಲ್ಲ, ಆದರೆ ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ ಎನ್ನುವ ಯಕೋಬನ ಪತ್ರದ 5ನೇ ಅಧ್ಯಾಯ ಹಿಡಿದು ಪಾಸ್ಟರ್, ಹಿರಿಯರು ಬಂದು ಪ್ರಾರ್ಥಿಸುತ್ತಾರೆ.

ಸಾವಾದ ಮನೆಗೆ ಏಳನೇ ದಿನದ ಪೂಜೆಯವರೆಗೆ ಜನ ತುಂಬಿರುತ್ತಾರೆ, ತಿಂಗಳ ಪೂಜೆ ಮುಗಿದರೆ ಯಾರೂ ಇಲ್ಲ. ‘ಎಂತಕ್ಕೆ’ ಎಂಬ ಪ್ರಶ್ನೆ ಜೋರಾಗುವುದು ಆವಾಗ. ಹೋಗಬೇಕಾದದ್ದೂ ಆವಾಗಲೇ, ಸತ್ತವರ ಹೆಸರು ಎತ್ತಿ ಮಾತಾಡಿ. ಕಾಗದಪತ್ರದ ಕೆಲಸ ಇರುತ್ತದೆ: ಮರಣ ನೋಂದಣಿ 21 ದಿನದೊಳಗೆ ಆಗಿದೆಯೋ, ಪಾಸ್‌ಬುಕ್ಕಿನಲ್ಲಿ ನಾಮಿನಿ ಯಾರು, ಸಮುದ್ರದಲ್ಲಿ ಸತ್ತವರಾದರೆ ಮೀನುಗಾರರ ಅಪಘಾತ ವಿಮೆಗೆ ಇಲಾಖೆಯಲ್ಲಿ ಹೆಸರಿತ್ತೋ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆ 61 ದಿನ ದುಡಿಮೆ ಇರುವ ಮನೆಗೂ ಕಷ್ಟ. ದುಡಿಯುವವನೇ ಹೋದ ಮನೆಯ ರೇಷನ್ನು, ಶಾಲೆಯ ಫೀಸು ಮೇ ತಿಂಗಳಲ್ಲೇ ವಿಚಾರಿಸಿಕೊಳ್ಳಿ.