ದಶಾವತಾರವೇ ಎವಲ್ಯೂಷನ್ ಅಲ್ವಾ ಅಕ್ಕೋರೇ?

ಮದುವೆ ಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಾರೆ. ಪಾಲಕರ ಸಭೆಯಲ್ಲಂತೂ ಕೇಳಿಯೇ ಕೇಳುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ಅಂತ ಗೊತ್ತಾದರೆ ಸಾಕು.

"ಅಕ್ಕೋರೇ, ಮೊದಲು ಮೀನು, ಆಮೇಲೆ ಆಮೆ, ಆಮೇಲೆ ಹಂದಿ, ಅರ್ಧ ಸಿಂಹ ಅರ್ಧ ಮನುಷ್ಯ, ಕುಳ್ಳ, ಕೊನೆಗೆ ಪೂರ್ತಿ ಮನುಷ್ಯ. ಡಾರ್ವಿನ್ ಹೇಳಿದ್ದೂ ಅದೇ ತಾನೆ? ಹಾಗೇ ಕಲಿಸಿಬಿಟ್ಟರೆ ಗಲಾಟೆಯೇ ಇಲ್ವಲ್ಲ!"

ಜಗಳಕ್ಕೆ ಬಂದು ಕೇಳುವ ಮಾತಲ್ಲ ಇದು. ಪಾಪ, ನನಗೆ ದಾರಿ ಸಲೀಸು ಮಾಡಿಕೊಡಲು ಕೇಳುತ್ತಾರೆ. ನಿಜ ಹೇಳಬೇಕೆಂದರೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ "ಹೌದು, ಹೆಚ್ಚುಕಮ್ಮಿ ಅದೇ" ಅನ್ನುತ್ತಿದ್ದೆ. ತರಗತಿಯಲ್ಲೂ ಹಾಗೇ ಹೇಳಿದ್ದೆ. ಮಕ್ಕಳಿಗೆ ಖುಷಿ, ಪಾಲಕರಿಗೆ ಖುಷಿ, ನನಗೂ ಬೇಗ ಪಾಠ ಮುಗಿದ ಖುಷಿ.

ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಮೀನುಗಾರರ ಮನೆಯ ಹುಡುಗಿ. "ಟೀಚರ್, ಮತ್ಸ್ಯಾವತಾರದಲ್ಲಿ ಮೀನು ಮನುವಿನ ದೋಣಿ ಎಳೀತದಲ್ವಾ? ಮೀನೇ ಮೊದಲು ಅಂದ್ರೆ, ದೋಣಿಯಲ್ಲಿದ್ದ ಮನು ಎಲ್ಲಿಂದ ಬಂದ?"

ನನ್ನ ಬಳಿ ಉತ್ತರ ಇರಲಿಲ್ಲ. ಮೊದಲನೇ ಅವತಾರದ ಕಥೆಯಲ್ಲೇ ಮನುಷ್ಯ ಇದ್ದಾನೆ. ಕೂರ್ಮಾವತಾರದ ಹೊತ್ತಿಗೆ ದೇವತೆಗಳು, ಅಸುರರು ಎಲ್ಲ ಸೇರಿ ಸಮುದ್ರ ಕಡೆಯುತ್ತಿದ್ದಾರೆ. ಆಮೆಯಿಂದ ಹಂದಿ ಹುಟ್ಟಿತು ಅಂತ ಯಾವ ಪುರಾಣವೂ ಹೇಳುವುದಿಲ್ಲ. ವಾಮನ ಆದಿಮಾನವನೂ ಅಲ್ಲ, ಬಲಿಯ ಎದುರು ನಿಂತು ಸರಿಯಾಗಿ ಲೆಕ್ಕ ಮಾತಾಡಿದ ವಟು. ಇಷ್ಟನ್ನೂ ಚಿಕ್ಕಂದಿನಿಂದ ಯಕ್ಷಗಾನದಲ್ಲಿ ನೋಡುತ್ತಾ ಬೆಳೆದವಳು ನಾನು. ಆದರೂ ತಲೆಗೆ ಹೊಳೆದಿರಲಿಲ್ಲ.

ಅಂದಿನಿಂದ ನನ್ನ ಉತ್ತರ: ಅಲ್ಲ. ಎರಡೂ ಬೇರೆ.

ಆಮೆಯನ್ನೇ ತೆಗೆದುಕೊಳ್ಳಿ. ಮೀನಿಗೂ ನೆಲದ ಪ್ರಾಣಿಗೂ ನಡುವಿನ ಮೆಟ್ಟಿಲು ಆಮೆ ಅನ್ನುತ್ತಾರೆ. ಹೊನ್ನಾವರದ ಕಾಸರಕೋಡಿನ ಮರಳಿಗೆ ಪ್ರತಿ ವರ್ಷ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಜೀವನವೆಲ್ಲ ನೀರಲ್ಲಿ ಕಳೆಯುವ ಪ್ರಾಣಿ ಮೊಟ್ಟೆ ಇಡಲು ಯಾಕೆ ಇಷ್ಟು ಕಷ್ಟಪಟ್ಟು ದಡ ಹತ್ತಬೇಕು? ಅದರ ಪೂರ್ವಜರು ನೆಲದ ಮೇಲಿದ್ದವರು. ಅವರು ಕಡಲಿಗೆ ಇಳಿದದ್ದು ಆಮೇಲೆ. ಕಾಲು ಈಜುವ ಹುಟ್ಟಾಯಿತು, ಆದರೆ ಉಸಿರಾಟ ಇಂದಿಗೂ ಶ್ವಾಸಕೋಶದಿಂದಲೇ. ಮೊಟ್ಟೆಯೂ ನೀರಲ್ಲಿ ಮರಿಯಾಗುವುದಿಲ್ಲ. ಅಂದರೆ ಕಡಲಾಮೆ ನೀರಿನಿಂದ ನೆಲಕ್ಕೆ ಹೊರಟದ್ದಲ್ಲ, ನೆಲದಿಂದ ನೀರಿಗೆ ವಾಪಸಾದದ್ದು! ದಶಾವತಾರದ ಏಣಿ ಹಿಡಿದು ಕೂತರೆ ಇದು ಕಾಣುವುದೇ ಇಲ್ಲ.

ಬಲೆಗೆ ಬಿದ್ದ ಆಮೆಯನ್ನು ಮೀನುಗಾರರು ಕೈಮುಗಿದು ನೀರಿಗೆ ಬಿಡುವುದನ್ನು ನೋಡಿದ್ದೇನೆ. ಆ ಕೈಮುಗಿಯುವುದಕ್ಕೆ ಡಾರ್ವಿನ್ ಸರ್ಟಿಫಿಕೇಟ್ ಬೇಕಾ? ಬೇಡ. "ಯದಾ ಯದಾ ಹಿ ಧರ್ಮಸ್ಯ" ಅಂತ ಗೀತೆ ಹೇಳುವುದು ಅವತಾರ ಯಾಕೆ ಆಗುತ್ತದೆ ಅನ್ನುವುದನ್ನು. ಅಲ್ಲಿ ಉದ್ದೇಶ ಇದೆ. ಜೀವವಿಕಾಸದಲ್ಲಿ ಉದ್ದೇಶ ಅನ್ನುವುದೇ ಇಲ್ಲ. ಎರಡನ್ನೂ ಕಲಸಿದರೆ ಪುರಾಣವೂ ಕೆಡುತ್ತದೆ, ವಿಜ್ಞಾನವೂ ಕೆಡುತ್ತದೆ. ಜೆ.ಬಿ.ಎಸ್. ಹಾಲ್ಡೇನ್ ಅವರಂಥ ದೊಡ್ಡ ಜೀವವಿಜ್ಞಾನಿಯೂ ಈ ಹೋಲಿಕೆ ಹೇಳಿದ್ದರು ಅಂತ ಕೆಲವರು ವಾದಿಸುತ್ತಾರೆ. ಹೇಳಿದ್ದು ಹೌದು. ಹೋಲಿಕೆ ಚಂದವೇ. ಪುರಾವೆ ಅಲ್ಲ, ಅಷ್ಟೇ.

ಹಾಗಾದರೆ ಹೇಗೆ ಕಲಿಸುತ್ತೀರಿ ಅಂತ ಮುಂದಿನ ಪ್ರಶ್ನೆ. ನಾನು ಶುರು ಮಾಡುವುದು ಕಗ್ಗ ಭತ್ತದಿಂದ. ಅಘನಾಶಿನಿ ನದಿ ದಡದ ಗಜನಿ ಗದ್ದೆಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಬೆಳೆಯುತ್ತಿದ್ದ ಉದ್ದ ಕಾಲಿನ ತಳಿ. ಭರತದ (ಉಬ್ಬರದ) ಉಪ್ಪುನೀರು ಒಡ್ಡು ದಾಟಿ ನುಗ್ಗಿದಾಗ ಬೇರೆ ಭತ್ತ ಸುಟ್ಟುಹೋಗುತ್ತದೆ, ಇದು ನಿಲ್ಲುತ್ತದೆ. ಯಾವ ಲ್ಯಾಬಿನಲ್ಲೂ ಮಾಡಿದ್ದಲ್ಲ. ಉಪ್ಪು ತಡೆಯದ ಗಿಡ ಸತ್ತಿತು. ತಡೆದ ಗಿಡದ ತೆನೆಯನ್ನೇ ರೈತರು ಬೀಜಕ್ಕೆ ಇಟ್ಟರು. ಮರುವರ್ಷ ಮತ್ತೆ ಅದೇ. ತಲೆಮಾರುಗಟ್ಟಲೆ. ಅರ್ಧ ಆಯ್ಕೆ ಉಪ್ಪಿನದು, ಅರ್ಧ ಆಯ್ಕೆ ರೈತರದು. ಇದು ಅರ್ಥವಾದ ಮಕ್ಕಳಿಗೆ 1859ರ ಡಾರ್ವಿನ್ ಪುಸ್ತಕದ ಸಾರ ಹೇಳುವುದು ಕಷ್ಟವಲ್ಲ. ಅವನೂ ಶುರು ಮಾಡಿದ್ದು ಜನ ಸಾಕುವ ಪ್ರಾಣಿ, ಬೆಳೆಸುವ ಗಿಡಗಳಿಂದಲೇ.

ಮಂಗನ ವಿಷಯ ಬಂದಾಗ ಮಾತ್ರ ಸ್ವಲ್ಪ ಬಿಸಿ ಏರುತ್ತದೆ. 2018ರಲ್ಲಿ ಕೇಂದ್ರದ ಸಚಿವರೊಬ್ಬರೇ, ಮಂಗ ಮನುಷ್ಯನಾಗಿದ್ದನ್ನು ಯಾರೂ ಕಂಡಿಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ನನ್ನ ಉತ್ತರ: ಮಂಗ ನಮ್ಮ ಅಜ್ಜ ಅಲ್ಲ, ದಾಯಾದಿ. ಎರಡೂವರೆ-ಮೂರು ಕೋಟಿ ವರ್ಷದ ಹಿಂದೆ ಹಿಸ್ಸೆಯಾದ ಮನೆಗಳು. ಮುತ್ತಜ್ಜನ ಕಾಲದ ಹಿಸ್ಸೆಯನ್ನು ನಾವು ಯಾರೂ ಕಂಡಿಲ್ಲ, ಆದರೂ ಕಾಗದಪತ್ರ ನೋಡಿ ಒಪ್ಪುತ್ತೇವಲ್ಲ? ಇಲ್ಲಿ ಕಾಗದಪತ್ರ ಅಂದರೆ ಪಳೆಯುಳಿಕೆ ಮತ್ತು ಡಿಎನ್‌ಎ. ಇದನ್ನು ಶಿರಸಿ ಕಡೆಯ ನನ್ನ ಚಿಕ್ಕಪ್ಪನಿಗೆ ಹೇಳಿದೆ. ಅಡಿಕೆ ತೋಟದಲ್ಲಿ ಮಂಗನ ಕಾಟಕ್ಕೆ ಸೋತವರು. "ದಾಯಾದಿಯೇ ಇರಬೇಕು ಕೂಸೇ, ಬೇಲಿ ದಾಟಿ ಬಂದು ಹಾಳು ಮಾಡೋದು ನೋಡಿದ್ರೆ" ಅಂದರು.

ಅಮೆರಿಕದಲ್ಲಿ ಈ ಜಗಳ ಕೋರ್ಟಿಗೇ ಹೋಗಿತ್ತು. 1925ರಲ್ಲಿ ಟೆನೆಸ್ಸಿಯ ಡೇಟನ್ ಎಂಬ ಊರಲ್ಲಿ ಜೀವವಿಕಾಸ ಕಲಿಸಿದ ಆರೋಪಕ್ಕೆ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕರಿಗೆ 100 ಡಾಲರ್ ದಂಡ ಹಾಕಿದರು. ಮುಂದೆ ಅದು ತಾಂತ್ರಿಕ ಕಾರಣಕ್ಕೆ ರದ್ದಾಯಿತು. ನಮ್ಮಲ್ಲಿ ಅಂಥ ನಾಟಕ ಏನೂ ನಡೆಯಲಿಲ್ಲ. ಪಾಠ ಸದ್ದಿಲ್ಲದೆ ಹೋಯಿತು. 2023ರ ಹೊತ್ತಿಗೆ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ಅನುವಂಶೀಯತೆ ಉಳಿಯಿತು, ಅದರ ಜೊತೆಗಿದ್ದ ಜೀವವಿಕಾಸ ಇಲ್ಲವಾಯಿತು. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸಲು ಅಂದರು. 1800ಕ್ಕೂ ಜಾಸ್ತಿ ವಿಜ್ಞಾನಿಗಳು, ಶಿಕ್ಷಕರು ವಿರೋಧಿಸಿ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೇ ತರಗತಿಯಲ್ಲಿ ಇದೆಯಲ್ಲ ಅನ್ನಬಹುದು. ಇದೆ, ಬಯಾಲಜಿ ತೆಗೆದುಕೊಂಡವರಿಗೆ. ಕಾಮರ್ಸಿಗೆ ಹೋದವರು, ಐಟಿಐ ಸೇರಿದವರು, ಅಪ್ಪನ ದೋಣಿ ಹತ್ತಿದವರು ಅದನ್ನು ಎಲ್ಲಿ ಓದುತ್ತಾರೆ?

ಧರ್ಮವನ್ನು ಶಾಲೆಯಲ್ಲಿ ಕಲಿಸಬಾರದಾ ಅಂತಲೂ ಕೇಳುತ್ತಾರೆ. ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇಲ್ಲ ಅಂತ ಸಂವಿಧಾನದ 28ನೇ ವಿಧಿ ಹೇಳುತ್ತದೆ. ಧರ್ಮಗಳ ಬಗ್ಗೆ ತಿಳಿಸಬಹುದು, ಅದು ಬೇರೆ ವಿಷಯ ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನಗೂ ಅದು ಇಷ್ಟ. ಮಕ್ಕಳನ್ನು ಶಿರಸಿ ಹತ್ತಿರದ ಸೋಂದೆಗೆ ಕರೆದುಕೊಂಡು ಹೋದರೆ ಸಾಕು. ಒಂದೇ ಊರಲ್ಲಿ ದ್ವೈತದ ವಾದಿರಾಜ ಮಠ, ಅದ್ವೈತದ ಸ್ವರ್ಣವಲ್ಲೀ ಮಠ, ಜೈನ ಮಠ. ದೇವರೂ ಜೀವರೂ ಬೇರೆ ಅನ್ನುವವರು, ಒಂದೇ ಅನ್ನುವವರು, ಜಗತ್ತಿಗೆ ಸೃಷ್ಟಿಕರ್ತನೇ ಇಲ್ಲ ಅನ್ನುವವರು! ವಿಜ್ಞಾನದ ಪಾಠಕ್ಕೆ ಧರ್ಮ ಸೇರಿಸಿ ಅನ್ನುವವರು ಇವುಗಳಲ್ಲಿ ಯಾವುದನ್ನು ಸೇರಿಸಬೇಕು ಅಂತಲೂ ಹೇಳಬೇಕಾಗುತ್ತದೆ.

ಇಷ್ಟೆಲ್ಲ ಆದಮೇಲೆ ಕೊನೆಗೊಂದು ಪ್ರಶ್ನೆ ಇದ್ದೇ ಇರುತ್ತದೆ, ದನಿ ತಗ್ಗಿಸಿ. "ಅದೆಲ್ಲ ಇರಲಿ ಅಕ್ಕೋರೇ, ನೀವು ದೇವರನ್ನು ನಂಬ್ತೀರಾ?"

ಚೌತಿಗೆ ಮನೆಗೆ ಬನ್ನಿ. ಚಕ್ಕುಲಿ ಮಾಡಿರುತ್ತೇನೆ.