92 ಕೆ.ಜಿ. ಸವಾರನಿಗೆ ಮುಂದಿನ ಶಾಕಪ್: ಸ್ಪ್ರಿಂಗ್ ಮುಗಿಯಿತು, ಆಯಿಲ್ ನಡೆದಿದೆ

ಮುಂದಿನ ಫೋರ್ಕ್‌ನ ಸ್ಪ್ರಿಂಗ್ ಕೆಲಸ ಈ ವಾರ ಮುಗಿಯಿತು. ಫೋರ್ಕ್ ಅಂದರೆ ಮುಂದಿನ ಚಕ್ರ ಹಿಡಿಯುವ ಜೋಡಿ ಕೊಳವೆ, ಒಂದೊಂದರಲ್ಲೂ ಒಂದು ಸ್ಪ್ರಿಂಗ್, ಜೊತೆಗೆ ಆಯಿಲ್. ಗಾಡಿ 220 ಸಿಸಿ, ಫೋರ್ಕ್ ಕುಗ್ಗುವುದು ಒಟ್ಟು 130 ಮಿ.ಮೀ. ಹೆಲ್ಮೆಟ್, ಜಾಕೆಟ್, ಬೂಟು ಸೇರಿ ನನ್ನ ತೂಕ 92 ಕೆ.ಜಿ. ಬೆಳಗಾವಿಯಿಂದ ಜಾಂಬೋಟಿ ದಾಟಿ ಕಣಕುಂಬಿ ಕಡೆ ಹೋಗುವಾಗ ತಿರುವಿಗೆ ಮುಂಚೆ ಬ್ರೇಕ್ ಹಿಡಿದರೆ ಮೂತಿ ಪೂರ್ತಿ ಇಳಿಯುತ್ತಿತ್ತು. ಅಲ್ಲೇ ಗುಂಡಿ ಸಿಕ್ಕರೆ ಪೆಟ್ಟು ನೇರ ಮಣಿಕಟ್ಟಿಗೆ.

"ದಪ್ಪ ಆಯಿಲ್ ಹಾಕ್ರಿ ಸರ, ಬಿಗಿ ಆಗ್ತೈತಿ" ಅನ್ನುವುದು ಗ್ಯಾರೇಜಿನಲ್ಲಿ ಮೊದಲು ಸಿಗುವ ಮದ್ದು. ಆದರೆ ಭಾರ ಹೊರುವುದು ಸ್ಪ್ರಿಂಗ್ ಅಲ್ವಾ? ಆಯಿಲ್ ತಡೆಯುವುದು ಫೋರ್ಕ್ ಓಡಾಡುವ ವೇಗವನ್ನು ಮಾತ್ರ. ನಿಂತ ಗಾಡಿ ಮೇಲೆ ಕೂತಾಗ ಎಷ್ಟು ಕುಗ್ಗುತ್ತದೋ, ಒಳಗೆ ಯಾವ ಆಯಿಲ್ ಇದ್ದರೂ ಅಷ್ಟೇ.

ಹಾಗಾಗಿ ಮೊದಲು ಸ್ಯಾಗ್, ಅಂದರೆ ನಿಂತಲ್ಲೇ ಭಾರಕ್ಕೆ ಫೋರ್ಕ್ ಎಷ್ಟು ಕುಗ್ಗುತ್ತದೆ ಅನ್ನುವುದನ್ನು ಅಳೆದೆ. ಗಾಡಿ ತನ್ನ ಭಾರಕ್ಕೇ 22 ಮಿ.ಮೀ. ಕುಗ್ಗುತ್ತಿತ್ತು, ನಾನು ಕೂತರೆ 52. ಬೇಕಾದದ್ದು ಒಟ್ಟು ಓಟದ ಮೂರನೇ ಒಂದು ಭಾಗದೊಳಗೆ. ಸ್ಪ್ರಿಂಗ್ ಮೇಲೆ 15 ಮಿ.ಮೀ. ಸ್ಪೇಸರ್ (ತುಂಡು ಪೈಪ್) ಹಾಕಿ ನೋಡಿದೆ. ಕೂತಾಗಿನ ಸ್ಯಾಗ್ 37ಕ್ಕೆ ಬಂತು, ಆದರೆ ಖಾಲಿ ಗಾಡಿಯದು ಬರೀ 7. ಗುಂಡಿಯೊಳಗೆ ಇಳಿಯಲು ಚಕ್ರಕ್ಕೆ ಜಾಗವೇ ಉಳಿಯಲಿಲ್ಲ. ಸ್ಪ್ರಿಂಗ್ ಮೆತ್ತಗಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇರೆ ಇಲ್ಲ. ಹೀಗೆ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಪ್ರೀಲೋಡ್ ಗಾಡಿಯ ಎತ್ತರ ಬದಲಿಸುತ್ತದೆ, ಸ್ಪ್ರಿಂಗಿನ ಗಟ್ಟಿತನವನ್ನಲ್ಲ.

ಉದ್ಯಮಬಾಗದಲ್ಲಿ ಪರಿಚಯದ ಕಾಕಾ ಒಬ್ಬರ ಲೇಥ್ ಶಾಪ್ ಇದೆ. ಅಲ್ಲಿನ ಡ್ರಿಲ್ಲಿಂಗ್ ಮಷೀನ್ ಕೆಳಗೆ ಮನೆಯ ತೂಕದ ಯಂತ್ರ ಇಟ್ಟು, ಅದರ ಮೇಲೆ ಸ್ಪ್ರಿಂಗ್ ನಿಲ್ಲಿಸಿ, ಹಿಡಿ ತಿರುಗಿಸಿ 50 ಮಿ.ಮೀ. ಒತ್ತಿದೆವು. ಮುಳ್ಳು 31 ಕೆ.ಜಿ.ಗೆ ನಿಂತಿತು. ಅಂದರೆ ಮಿ.ಮೀ.ಗೆ 0.62 ಕೆ.ಜಿ. ಸ್ಪ್ರಿಂಗ್ ಉದ್ದಕ್ಕೂ ಒಂದೇ ಸಮ ಸುತ್ತಿನದು. ಕೆಲಸ ಮಾಡುವ ಸುತ್ತು 30. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿ, ಆದ್ದರಿಂದ ಎರಡರಲ್ಲೂ ಐದೈದು ಸುತ್ತು ಕತ್ತರಿಸಿದೆವು. ಕಟಿಂಗ್ ವ್ಹೀಲ್‌ನಲ್ಲಿ, ನಡುನಡುವೆ ನೀರು ಬಿಡುತ್ತಾ. ಗ್ಯಾಸ್ ಕಟರ್ ತಾಗಿಸಿದರೆ ಸ್ಪ್ರಿಂಗಿನ ಹದವೇ ಹೋಗುತ್ತದೆ. ಕತ್ತರಿಸುವ ಮುಂಚೆ ಇನ್ನೊಂದು ಲೆಕ್ಕ ಬಿಡಬಾರದು: ಉಳಿದ 25 ಸುತ್ತಿನ ನಡುವಿನ ಸಂದು ಸುಮಾರು 7 ಮಿ.ಮೀ.ನಂತೆ 175. ಓಟ 130, ಪ್ರೀಲೋಡ್ 20. ಸುತ್ತಿಗೆ ಸುತ್ತು ತಾಗಿ ಲಾಕ್ ಆಗುವುದಿಲ್ಲ. ತಗ್ಗಿದ ಉದ್ದಕ್ಕೆ ಅಲ್ಯೂಮಿನಿಯಂ ಪೈಪ್, ಕತ್ತರಿಸಿದ ತುದಿಗೆ ದಪ್ಪ ವಾಷರ್.

ಮತ್ತೆ ಒತ್ತಿದಾಗ 37 ಕೆ.ಜಿ. ಜೋಡಿಸಿದ ಮೇಲೆ ಸ್ಯಾಗ್ ಖಾಲಿ 14, ಕೂತಾಗ 39. ತುಂಬಾ ಖುಷಿಯಾಯಿತು.

ಈಗ ಆಯಿಲ್. ಗಟ್ಟಿ ಸ್ಪ್ರಿಂಗ್ ಜೋರಾಗಿ ಮೇಲೆ ಚಿಮ್ಮುತ್ತದೆ, ಅದನ್ನು ಹಿಡಿಯಲು ಸ್ವಲ್ಪ ದಪ್ಪ ಆಯಿಲ್ ಬೇಕು, ಸ್ವಲ್ಪ ಮಾತ್ರ. ಸಾದಾ ಫೋರ್ಕ್‌ನಲ್ಲಿ ಇಳಿಯುವುದಕ್ಕೂ ಏಳುವುದಕ್ಕೂ ಇರುವುದು ಅದೇ ಆಯಿಲ್. ಜಾಸ್ತಿ ದಪ್ಪವಾದರೆ ಚಿಕ್ಕ ಕಲ್ಲೂ ಕೈಗೆ ಕುಟ್ಟುತ್ತದೆ. ಡಬ್ಬಿ ಮೇಲಿನ 10ಡಬ್ಲ್ಯೂ, 15ಡಬ್ಲ್ಯೂ ಕಂಪನಿಯಿಂದ ಕಂಪನಿಗೆ ಬೇರೆ. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಆಯಿಲ್ ದಪ್ಪದ ಅಳತೆ) ಅಂತ ನೋಡಿಯೇ ಕೊಳ್ಳಬೇಕು.

ಆಯಿಲ್ ಮಟ್ಟ ಅಳೆದದ್ದು ಸ್ಪ್ರಿಂಗ್ ತೆಗೆದು, ಫೋರ್ಕ್ ಪೂರ್ತಿ ಒತ್ತಿ. ಸದ್ಯ ಮ್ಯಾನುಯಲ್ ಹೇಳಿದಷ್ಟೇ ಇಟ್ಟಿದ್ದೇನೆ. ಮಟ್ಟ ಏರಿಸಿದರೆ ಮೇಲಿನ ಗಾಳಿ ಕೊನೆಯಲ್ಲಿ ಬಿಗಿಯುತ್ತದೆ, ಅತಿಯಾದರೆ ಆಯಿಲ್ ಸೀಲ್ ಕಿತ್ತು ಬರುತ್ತದೆ. ಎಲ್ಲಿಯವರೆಗೆ ಕುಗ್ಗಿತು ಅಂತ ತಿಳಿಯಲು ಫೋರ್ಕ್ ಪೈಪಿಗೆ ಕೇಬಲ್ ಟೈ ಕಟ್ಟಿದ್ದೇನೆ. ಜಾಂಬೋಟಿ ದಾರಿಯಲ್ಲಿ ಗಟ್ಟಿ ಬ್ರೇಕ್ ಹಿಡಿದ ಮೇಲೂ 12 ಮಿ.ಮೀ. ಬಾಕಿ ಉಳಿಯಿತು, ಹಾಗಾಗಿ ಆಯಿಲ್ ಮಟ್ಟ ಬದಲಿಸುವುದಿಲ್ಲ. ಮುಂದೆ ಎತ್ತರವಾಯಿತಲ್ಲ, ಇನ್ನು ಹಿಂದಿನ ಸ್ಯಾಗ್ ಅಳೆಯಬೇಕು.